ಊರಿನ ಹಂಬಲ ಕಾಯಿಲೆಯೇ? ಚೇತರಿಸಿಕೊಳ್ಳುತ್ತಿರುವ ಯೋಧರೊಬ್ಬರ ಪ್ರಶ್ನೆಗೆ ಉತ್ತರ

ಪ್ರಶ್ನೆ: ನಾನು ಹೊಸನಗರ ತಾಲ್ಲೂಕಿನವನು. ಸೇನೆಗೆ ಸೇರಿ 13 ವರ್ಷಗಳಾದವು. ಕಳೆದ ಏಪ್ರಿಲ್‌ನಲ್ಲಿ ಗಡಿಯಲ್ಲಿ ನಡೆದ ಸ್ಫೋಟದಲ್ಲಿ ಎಡಗಾಲಿನ ಮೊಣಕಾಲ ಕೆಳಗಿನ ಮೂಳೆ ಮುರಿಯಿತು. ಒಳಗೆ ಸರಳು ಹಾಕಿ, ಮೇಲೆ ಚರ್ಮದ ಕಸಿ ಮಾಡಿದ್ದಾರೆ. ಈಗ ಸೇನಾ ಆಸ್ಪತ್ರೆಯಲ್ಲಿ ಊರುಗೋಲು ಹಿಡಿದು ನಡೆಯುತ್ತಿದ್ದೇನೆ. ಊರಿನಲ್ಲಿ ಎರಡೂವರೆ ಎಕರೆ ಅಡಿಕೆ ತೋಟ, ಸ್ವಲ್ಪ ಗದ್ದೆ ಇವೆ. ಅಮ್ಮ, ಹೆಂಡತಿ ಮತ್ತು ಏಳು ವರ್ಷದ ಮಗಳಿದ್ದಾರೆ. ರಾತ್ರಿ ನಿದ್ದೆ ಬರುವುದಿಲ್ಲ. ತೋಟದ ಬಸಿಗಾಲುವೆಯ ನೀರಿನ ಸದ್ದು, ಮಗಳ ಮಾತು, ಭೂಮಿ ಹುಣ್ಣಿಮೆಯ ಎಡೆ ಇವೇ ತಲೆಯಲ್ಲಿ ಸುತ್ತುತ್ತವೆ. ಬಾಗಿಲು ಬಡಿದುಕೊಂಡರೆ ಬೆಚ್ಚಿಬೀಳುತ್ತೇನೆ. ‘ಫೌಜಿಗೆ ಇಷ್ಟೊಂದು ಮನೆಯ ಚಿಂತೆ ಒಳ್ಳೆಯದಲ್ಲ’ ಎಂದು ಪಕ್ಕದ ಹಾಸಿಗೆಯವರು ಹೇಳುತ್ತಾರೆ. ಇದು ಮನಸ್ಸಿನ ಕಾಯಿಲೆಯೇ? ಸೇವೆ ಬಿಟ್ಟು ಊರಿಗೆ ಬಂದುಬಿಡಲೇ?

ಉತ್ತರ: ಊರಿನ ಹಂಬಲ ಕಾಯಿಲೆಯಲ್ಲ, ದೌರ್ಬಲ್ಯವಂತೂ ಅಲ್ಲವೇ ಅಲ್ಲ. ಬೆಚ್ಚಿಬೀಳುವುದು ಬೇರೆಯದೇ ಸಂಗತಿ. ಅದಕ್ಕೆ ಚಿಕಿತ್ಸೆ ಬೇಕಾಗಬಹುದು, ಚಿಕಿತ್ಸೆ ಇದೆ ಕೂಡ. ಸೇವೆ ಬಿಡುವ ತೀರ್ಮಾನವನ್ನು ಮಾತ್ರ ಆಸ್ಪತ್ರೆಯ ಹಾಸಿಗೆಯ ಮೇಲೆ ತೆಗೆದುಕೊಳ್ಳಬೇಡಿ. ಸೇನಾ ವೈದ್ಯಕೀಯ ಸೇವೆಯಿಂದ ನಿವೃತ್ತನಾಗಿ ಈಗ ಶಿವಮೊಗ್ಗದಲ್ಲಿ ಮನೋವೈದ್ಯನಾಗಿರುವ ನಾನು ಎರಡೂ ಕಡೆಯವರನ್ನು, ಅಂದರೆ ಊರನ್ನು ನೆನೆದು ಕೊರಗುವ ಯೋಧರನ್ನೂ ಊರಿಗೆ ಬಂದ ಮೇಲೆ ಕೊರಗುವ ಯೋಧರನ್ನೂ ಕಂಡಿದ್ದೇನೆ. ಆದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇನೆ.

ಯೋಧರ ಮನೆಯ ಹಂಬಲವನ್ನು ವೈದ್ಯರು ಒಂದು ಕಾಲದಲ್ಲಿ ರೋಗವೆಂದೇ ಎಣಿಸಿದ್ದರು. 1688ರಲ್ಲಿ ಬಾಸೆಲ್‌ನ ಯೊಹಾನೆಸ್ ಹೋಫರ್ ಎಂಬ ವೈದ್ಯಕೀಯ ವಿದ್ಯಾರ್ಥಿ ತನ್ನ ಪ್ರಬಂಧದಲ್ಲಿ, ಮನೆಯಿಂದ ದೂರವಾದವರು ನಿದ್ದೆ ಮತ್ತು ಹಸಿವು ಕಳೆದುಕೊಂಡು ಸೊರಗುವುದನ್ನು ವರ್ಣಿಸಿ ಅದಕ್ಕೆ ‘ನೊಸ್ಟಾಲ್ಜಿಯಾ’ ಎಂದು ಹೆಸರಿಟ್ಟ. ಪರದೇಶಗಳಲ್ಲಿ ಕೂಲಿಗೆ ಹೋರಾಡುತ್ತಿದ್ದ ಸ್ವಿಸ್ ಸೈನಿಕರ ಕಾಯಿಲೆಯೆಂದೇ ಅದು ಮುಂದೆ ಹೆಸರಾಯಿತು. ಬೇರೇನೂ ಫಲಿಸದಿದ್ದಾಗ ಮನೆಗೆ ಕಳಿಸುವುದೇ ಅದಕ್ಕೆ ಮದ್ದೆಂದು ಅಂದಿನ ವೈದ್ಯರು ನಂಬಿದ್ದರು. ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿಯೂ ಸೇನಾ ವೈದ್ಯರು ದಾಖಲೆಗಳಲ್ಲಿ ಅದನ್ನು ರೋಗವೆಂದೇ ಬರೆದರು. ನಮ್ಮವರ ವಿಷಯಕ್ಕೆ ಬಂದರೆ, ಮೊದಲ ಮಹಾಯುದ್ಧದಲ್ಲಿ ಫ್ರಾನ್ಸಿನ ಕದನಭೂಮಿಯಲ್ಲಿ ಗಾಯಗೊಂಡ ಭಾರತೀಯ ಸಿಪಾಯಿಗಳನ್ನು ಇಂಗ್ಲೆಂಡಿನ ಬ್ರೈಟನ್‌ನ ಅರಮನೆಯಲ್ಲೇ ಆಸ್ಪತ್ರೆ ಮಾಡಿ ಇರಿಸಿದ್ದರು. ಅವರು ಮನೆಗೆ ಬರೆದ ಕಾಗದಗಳನ್ನು ಸರ್ಕಾರ ಓದಿಸಿ, ಅನುವಾದಿಸಿ, ಆಯ್ದ ಭಾಗಗಳನ್ನು ಕಾಪಿಟ್ಟಿತು. ಯುದ್ಧದ ಭೀಕರತೆಯ ನಡುನಡುವೆಯೇ ಅವುಗಳಲ್ಲಿ ಬೆಳೆ, ದನಕರು, ಮನೆಮಂದಿಯ ಯೋಗಕ್ಷೇಮದ ವಿಚಾರಣೆ ಬರುತ್ತದೆ. ಒಕ್ಕಲುತನದ ಮನೆಯಿಂದ ಹೋದವನಿಗೆ ಬೇಸಾಯದ ಚಿಂತೆ ಬಿಡದು. ನಿಮ್ಮ ಪಕ್ಕದ ಹಾಸಿಗೆಯವರ ತಲೆಯಲ್ಲಿಯೂ ಯಾವುದೋ ಹೊಲ ಇದ್ದೇ ಇರುತ್ತದೆ. ಬೇಕಿದ್ದರೆ ಕೇಳಿ ನೋಡಿ.

ಆಸ್ಪತ್ರೆಯಲ್ಲಿ ಈ ಹಂಬಲ ಹೆಚ್ಚಾಗುವುದಕ್ಕೆ ಕಾರಣವೂ ಇದೆ. ಘಟಕದಲ್ಲಿದ್ದಾಗ ಬೆಳಗಿನ ಕವಾಯಿತಿನಿಂದ ರಾತ್ರಿಯ ಪಹರೆಯವರೆಗೆ ನಿಮ್ಮ ಹೊತ್ತನ್ನು ಯಾರೋ ತುಂಬಿಕೊಡುತ್ತಿದ್ದರು. ಈಗ ವ್ಯಾಯಾಮದ ಒಂದೆರಡು ಗಂಟೆ ಬಿಟ್ಟರೆ ಉಳಿದದ್ದೆಲ್ಲ ಖಾಲಿ. ಹಗಲು ಮಲಗಿದ್ದಕ್ಕೆ ರಾತ್ರಿ ನಿದ್ದೆ ದೂರವಾಗುತ್ತದೆ. ನಿದ್ದೆಗೆಟ್ಟ ದೇಹಕ್ಕೆ ನೋವು ಹೆಚ್ಚಾಗಿ ತಿಳಿಯುತ್ತದೆ. ನೋವಿದ್ದಾಗ ಮನಸ್ಸು ನೆಮ್ಮದಿಯ ಜಾಗವನ್ನು ಹುಡುಕುತ್ತದೆ, ನಿಮ್ಮ ಮನಸ್ಸಿಗೆ ಆ ಜಾಗ ತೋಟ. ಮಧ್ಯಾಹ್ನದ ನಿದ್ದೆಯನ್ನು ಅರ್ಧ ಗಂಟೆಗೆ ಇಳಿಸಿ ನೋಡಿ, ರಾತ್ರಿಯ ಸುತ್ತಾಟ ಸ್ವಲ್ಪ ಕಡಿಮೆಯಾಗುತ್ತದೆ. ಎಲೆಯಡಿಕೆಯ ಜೊತೆ ಹೊಗೆಸೊಪ್ಪಿನ ಅಭ್ಯಾಸವಿದ್ದರೆ ಅದನ್ನೂ ಈಗಲೇ ಬಿಡಬೇಕು. ತಂಬಾಕಿನ ನಿಕೋಟಿನ್ ಮೂಳೆ ಕೂಡುವುದನ್ನು ತಡಮಾಡುತ್ತದೆ.

ಇನ್ನು ನಾನು ಮುಖ್ಯವಾಗಿ ಹೇಳಬೇಕೆಂದಿರುವ ಮಾತು. ನೀವು ಹಂಬಲಿಸುತ್ತಿರುವ ಮನೆ ರಜೆಯ ಮನೆ. ಹದಿಮೂರು ವರ್ಷಗಳಿಂದ ನೀವು ಊರನ್ನು ಕಂಡಿರುವುದು ವರ್ಷಕ್ಕೊಮ್ಮೆ, ಹೆಚ್ಚೆಂದರೆ ಎರಡು ಬಾರಿ, ವಾರ್ಷಿಕ ರಜೆಯ ಆ ಅರವತ್ತು ದಿನಗಳಲ್ಲಿ. ನೀವು ಬರುವ ದಿನ ಗೊತ್ತಾದ ಕೂಡಲೇ ಅಮ್ಮ ಕಳಲೆಯನ್ನೋ ಕೆಸುವಿನ ಎಲೆಯನ್ನೋ ಹುಡುಕಿ ತರುತ್ತಾರೆ, ಮಗಳು ಶಾಲೆಗೆ ಚಕ್ಕರ್ ಹೊಡೆಯುತ್ತಾಳೆ, ಸೊಸೈಟಿಯ ಸಾಲದ ನೋಟಿಸನ್ನು ನಿಮ್ಮ ಹೆಂಡತಿ ಕಪಾಟಿನೊಳಗೆ ಸೇರಿಸುತ್ತಾರೆ. ನೀವು ತೋಟಕ್ಕೊಂದು ಸುತ್ತು ಹಾಕಿ ಬರುತ್ತೀರಿ. ದುರಸ್ತಿಗೆ ಕಾದಿರುವ ಪಂಪಿನ ಸುದ್ದಿಯನ್ನು ಯಾರೂ ಎತ್ತುವುದಿಲ್ಲ. ಇದರಲ್ಲಿ ಯಾರ ತಪ್ಪೂ ಇಲ್ಲ, ದೂರದಿಂದ ಬಂದವರನ್ನು ನಮ್ಮ ಕಡೆ ನಡೆಸಿಕೊಳ್ಳುವುದೇ ಹಾಗೆ. ಆದರೆ ಆ ಅರವತ್ತು ದಿನಗಳ ನೆನಪನ್ನೇ ವರ್ಷದ ಮುನ್ನೂರ ಅರವತ್ತೈದು ದಿನಕ್ಕೂ ಹಿಗ್ಗಿಸಿಕೊಂಡು, ಅದರ ಆಧಾರದ ಮೇಲೆ ನೌಕರಿ ಬಿಡುವ ಲೆಕ್ಕ ಹಾಕಿದರೆ ಲೆಕ್ಕ ತಪ್ಪುತ್ತದೆ.

ಉಳಿದ ಮುನ್ನೂರು ದಿನಗಳ ತೋಟವನ್ನು ನಡೆಸುತ್ತಿರುವವರು ನಿಮ್ಮ ಹೆಂಡತಿ ಮತ್ತು ಅಮ್ಮ. ಈ ಉತ್ತರ ನಿಮ್ಮ ಕೈ ಸೇರುವ ಹೊತ್ತಿಗೆ ಆಶ್ಲೇಷ ಕಳೆದು ಮಘೆ ಮಳೆ ಹಿಡಿದಿರುತ್ತದೆ. ಮುಂಗಾರಿಗೆ ಮುಂಚೆ ಹೊಡೆದ ಬೋರ್ಡೋ ದ್ರಾವಣದ, ಅಂದರೆ ಮೈಲುತುತ್ತ–ಸುಣ್ಣದ ಮಿಶ್ರಣದ, ಕಾಲಾವಧಿ ಮುಗಿದಿದೆ. ನಲವತ್ತು–ನಲವತ್ತೈದು ದಿನಗಳ ಅಂತರದ ಎರಡನೆಯ ಸಿಂಪಡಣೆಗೆ ಮಳೆ ಬಿಡುವು ಕೊಟ್ಟಿತೇ, ಕೊಟ್ಟ ದಿನ ಮರ ಹತ್ತುವವರು ಸಿಕ್ಕರೇ ಎಂಬುದರ ಮೇಲೆ ಈ ವರ್ಷದ ಕೊಳೆ ರೋಗದ ನಷ್ಟ ನಿಂತಿರುತ್ತದೆ. ಇದರ ಮೇಲೆ ಹೊಸನಗರ–ತೀರ್ಥಹಳ್ಳಿ ಸೀಮೆಯಲ್ಲಿ ಕೆಲವು ವರ್ಷಗಳಿಂದ ಎಲೆಚುಕ್ಕಿ ರೋಗದ ಕಾಟ. ‘ಎಲ್ಲ ಆರಾಮು ಕಣೋ, ನೀನು ಕಾಲು ನೋಡ್ಕೋ’ ಎಂದು ಅಮ್ಮ ಫೋನಿನಲ್ಲಿ ಹೇಳುವಾಗ ಅಂಗಳದಲ್ಲಿ ಉದುರಿದ ಕಾಯಿಯ ರಾಶಿ ಇರಬಹುದು. ನೀವೂ ‘ಕಾಲು ಪರವಾಗಿಲ್ಲ’ ಎಂದು ಹೇಳಿ ಫೋನ್ ಇಡುತ್ತೀರಿ. ಎರಡು ಕಡೆಯಿಂದಲೂ ಪ್ರೀತಿಯಿಂದಲೇ ನಡೆಯುವ ಈ ಮುಚ್ಚುಮರೆ ದೂರವನ್ನು ಹೆಚ್ಚಿಸುತ್ತದೆ. ನನ್ನ ಅನುಭವದಲ್ಲಿ, ಚೇತರಿಸಿಕೊಳ್ಳುತ್ತಿರುವ ಯೋಧರಿಗೆ ‘ನಾನಿಲ್ಲದೆಯೂ ಮನೆ ನಡೆಯುತ್ತಿದೆ, ನನ್ನಿಂದ ಯಾರಿಗೂ ಏನೂ ಆಗಬೇಕಿಲ್ಲ’ ಎಂಬ ಭಾವನೆ ಕೊಡುವಷ್ಟು ಯಾತನೆಯನ್ನು ಗಾಯವೂ ಕೊಡುವುದಿಲ್ಲ.

ಆದ್ದರಿಂದ ನೆಂಟನ ಸ್ಥಾನದಿಂದ ಇಳಿಯುವ ಕೆಲಸವನ್ನು ಹಾಸಿಗೆಯಿಂದಲೇ ಶುರುಮಾಡಿ. ಈ ವಾರ ಹೆಂಡತಿಗೆ ಫೋನ್ ಮಾಡಿದಾಗ, ‘ತೋಟದ ನಿಜವಾದ ಸ್ಥಿತಿ ಹೇಳು, ನಾನೂ ಕಾಲಿನ ನಿಜವಾದ ಸ್ಥಿತಿ ಹೇಳುತ್ತೇನೆ’ ಎಂದು ಒಪ್ಪಂದ ಮಾಡಿಕೊಳ್ಳಿ. ಬಳಿಕ ಅಲ್ಲಿಂದಲೇ ಮಾಡಬಹುದಾದ ಒಂದೇ ಒಂದು ಕೆಲಸವನ್ನು ಅವರಿಂದ ಕೇಳಿ ಪಡೆಯಿರಿ. ಮೈಲುತುತ್ತ ಮತ್ತು ಸುಣ್ಣದ ಲೆಕ್ಕವೇ ಆಗಬಹುದು: ನೂರು ಲೀಟರ್ ದ್ರಾವಣಕ್ಕೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನಿಮ್ಮ ತೋಟಕ್ಕೆ ಎಷ್ಟು ಡ್ರಮ್ಮು ಬೇಕು, ದಾಸ್ತಾನು ಎಷ್ಟಿದೆ, ಆಳಿನ ಸಂಬಳ ಎಷ್ಟಾಯಿತು ಎಂಬುದನ್ನು ನೋಟ್‌ಬುಕ್ಕಿನಲ್ಲಿ ನೀವೇ ಬರೆದಿಡಿ. ಬೆರೆಸಿದ ದ್ರಾವಣದಲ್ಲಿ ಕಬ್ಬಿಣದ ಚಾಕು ಅದ್ದಿ ತೆಗೆದಾಗ ಅಲಗಿನ ಮೇಲೆ ತಾಮ್ರದ ಕೆಂಪು ಕೂತರೆ ಸುಣ್ಣ ಸಾಲದೆಂದು ಅರ್ಥ ಎನ್ನುವುದು ನಿಮ್ಮ ಹೆಂಡತಿಗೆ ನಿಮಗಿಂತ ಚೆನ್ನಾಗಿ ಗೊತ್ತಿರುತ್ತದೆ; ಅದನ್ನು ಅವರಿಗೆ ಕಲಿಸಲು ಹೋಗಬೇಡಿ. ಅಧಿಕಾರ ಅವರದು, ಗುಮಾಸ್ತಿಕೆ ನಿಮ್ಮದು. ಹವಾಲ್ದಾರನಾದವನಿಗೆ ಮನೆಯಲ್ಲಿ ಗುಮಾಸ್ತನಾಗುವುದು ಸುಲಭವಲ್ಲವೆಂದು ನನಗೆ ಗೊತ್ತು. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟೂ ಹೋಗುತ್ತದೆ, ನೆಟ್‌ವರ್ಕೂ ಹೋಗುತ್ತದೆ. ಫೋನ್ ಸಿಗಲಿಲ್ಲವೆಂದು ರಾತ್ರಿಯಿಡೀ ಚಡಪಡಿಸುವ ಬದಲು ಧ್ವನಿ ಸಂದೇಶ ಕಳಿಸಿಡಿ, ಸಿಗ್ನಲ್ ಸಿಕ್ಕಾಗ ಕೇಳಿಸಿಕೊಳ್ಳುತ್ತಾರೆ. ಮಗಳಿಗೆ ಮಾತ್ರ ಕೈಬರಹದ ಕಾಗದ ಬರೆಯಿರಿ. ಏಳು ವರ್ಷದವಳು ಅಕ್ಷರ ಕೂಡಿಸಿ ಓದುವ ವಯಸ್ಸಿನವಳು.

ಈಗ ಬೆಚ್ಚಿಬೀಳುವ ವಿಷಯ. ಸ್ಫೋಟವನ್ನು ಕಂಡ ದೇಹ ಕೆಲವು ವಾರಗಳ ಕಾಲ ಪ್ರತಿ ಸದ್ದಿಗೂ ಎದ್ದು ನಿಲ್ಲುವುದು ಸಹಜ, ಬಹಳ ಜನರಲ್ಲಿ ಅದು ತಾನಾಗಿ ಇಳಿಯುತ್ತದೆ. ಆದರೆ ನಿಮಗೆ ಗಾಯವಾಗಿ ನಾಲ್ಕು ತಿಂಗಳಾಗಿವೆ. ಒಂದು ತಿಂಗಳು ಮೀರಿಯೂ ಬೆಚ್ಚುವಿಕೆ ಉಳಿದಿದ್ದು, ಜೊತೆಗೆ ಘಟನೆ ಕಣ್ಣೆದುರು ಮತ್ತೆ ನಡೆದಂತಾಗುವುದು, ಅದರ ಕನಸು ಬೀಳುವುದು, ಅದನ್ನು ನೆನಪಿಸುವ ಮಾತು ಬಂದರೆ ಎದ್ದು ಹೋಗುವುದು, ಸದಾ ಯಾರೋ ಹಿಂದಿದ್ದಾರೆಂಬ ಕಟ್ಟೆಚ್ಚರ ಇವೂ ಇದ್ದರೆ ಮನೋವೈದ್ಯರು ನೋಡಲೇಬೇಕು. ಹಾಗೆಯೇ ಎರಡು ವಾರಗಳಿಗೂ ಹೆಚ್ಚು ಕಾಲ ಯಾವುದರಲ್ಲಿಯೂ ಆಸಕ್ತಿಯಿಲ್ಲದೆ, ಊಟ ಸೇರದೆ, ಊರಿನ ನೆನಪೂ ಸಪ್ಪೆಯೆನಿಸತೊಡಗಿದರೆ ಅದು ಖಿನ್ನತೆಯ ಲಕ್ಷಣ. ಇಲ್ಲೊಂದು ಗುರುತು ಹೇಳುತ್ತೇನೆ: ಹಂಬಲವಿರುವವನಿಗೆ ಮಗಳ ದನಿ ಕೇಳಿದರೆ ಮುಖ ಅರಳುತ್ತದೆ, ಖಿನ್ನತೆಯಿರುವವನಿಗೆ ಆ ಫೋನ್ ಎತ್ತುವುದೇ ಭಾರವಾಗುತ್ತದೆ. ನಿಮ್ಮ ಪತ್ರದ ಧಾಟಿಯಲ್ಲಿ ನನಗೆ ಕಾಣುವುದು ಹಂಬಲವೇ. ಆದರೂ ಪತ್ರವನ್ನು ಓದಿ ರೋಗನಿರ್ಣಯ ಮಾಡಬಾರದು.

‘ಮನೋವೈದ್ಯರ ಬಳಿ ಹೋದರೆ ಕೆಟಗರಿ (ವೈದ್ಯಕೀಯ ಅರ್ಹತೆಯ ವರ್ಗ) ಇಳಿಯುತ್ತದೆ’ ಎಂಬ ಭಯ ವಾರ್ಡುಗಳಲ್ಲಿ ಇದ್ದೇ ಇರುತ್ತದೆ. ಅದನ್ನು ಸುಳ್ಳೆಂದು ಹೇಳಲಾರೆ. ಸೇನೆಯವರ ಆರೋಗ್ಯವನ್ನು ಅಳೆಯುವ ‘ಶೇಪ್’ (SHAPE) ವರ್ಗೀಕರಣದ ಮೊದಲ ಅಕ್ಷರವೇ ಮನಸ್ಸಿನದು, ‘ಎ’ ಕೈಕಾಲುಗಳದು, ಕಾಲಿನ ಕಾರಣಕ್ಕೆ ನೀವು ಹೇಗೂ ಸದ್ಯಕ್ಕೆ ಕೆಳವರ್ಗದಲ್ಲಿದ್ದೀರಿ. ತಾತ್ಕಾಲಿಕವಾಗಿ ಇಳಿದದ್ದು ಚಿಕಿತ್ಸೆಯಿಂದ ಮತ್ತೆ ಏರುವ ಅವಕಾಶವಿರುತ್ತದೆ. ಮುಚ್ಚಿಟ್ಟು ಕೈಗೆ ಆಯುಧ ಹಿಡಿದ ಮೇಲೆ ಬಯಲಾಗುವುದಕ್ಕಿಂತ ಈಗ ತೋರಿಸುವುದು ಎಲ್ಲ ರೀತಿಯಿಂದಲೂ ಮೇಲು. ಆಘಾತದ ನೆನಪುಗಳಿಗೆಂದೇ ರೂಪಿಸಿದ ಮಾತಿನ ಚಿಕಿತ್ಸೆಗಳಿವೆ, ಬೇಕಾದರೆ ಔಷಧಿಯೂ ಇದೆ. ಮೊದಲು ಕನ್ನಡದಲ್ಲಿ ಮನಬಿಚ್ಚಿ ಮಾತಾಡಬೇಕೆನಿಸಿದರೆ ಟೆಲಿ ಮಾನಸ್‌ನ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ಕರೆ ಉಚಿತ. ಬದುಕು ಸಾಕೆಂಬ ಯೋಚನೆ ಒಮ್ಮೆ ಸುಳಿದರೂ ಬೆಳಗಾಗುವವರೆಗೆ ಕಾಯದೆ ರಾತ್ರಿ ಪಾಳಿಯ ನರ್ಸಿಂಗ್ ಸಿಬ್ಬಂದಿಗೆ ಹೇಳಿ.

ಮುಂದಿನ ಹೆಜ್ಜೆ ಅನಾರೋಗ್ಯ ರಜೆ. ವೈದ್ಯರು ಒಪ್ಪಿ ಕೆಲವು ವಾರಗಳ ರಜೆ ಕೊಟ್ಟರೆ ಅದನ್ನು ವಿಶ್ರಾಂತಿಯೆಂದಷ್ಟೇ ನೋಡಬೇಡಿ, ಊರಿನಲ್ಲಿ ನೆಲೆಸುವುದು ಹೇಗಿರುತ್ತದೆಂಬ ಪರೀಕ್ಷೆಯೆಂದು ನೋಡಿ. ಹೊರಡುವ ಮೊದಲು, ಕಾಲಿನ ಮೇಲೆ ಎಷ್ಟು ಭಾರ ಹಾಕಬಹುದು, ಚಕ್ಕಳಮಕ್ಕಳ ಕೂರಬಹುದೇ, ಮೆಟ್ಟಿಲು ಹತ್ತಬಹುದೇ ಎಂಬುದನ್ನು ಮೂಳೆವೈದ್ಯರಿಂದ ಸ್ಪಷ್ಟವಾಗಿ ಕೇಳಿಕೊಳ್ಳಿ. ನಿಮ್ಮಂಥ ಗಾಯದಲ್ಲಿ ಮೂಳೆ ಗಟ್ಟಿಯಾಗಿ ಕೂಡಲು ಆರು ತಿಂಗಳು, ಕೆಲವೊಮ್ಮೆ ಅದಕ್ಕೂ ಹೆಚ್ಚು ಹಿಡಿಯುತ್ತದೆ. ಆಸ್ಪತ್ರೆಯ ನೆಲ ಒಣಗಿರುತ್ತದೆ, ಸಮತಟ್ಟಾಗಿರುತ್ತದೆ, ಹಿಡಿಯಲು ಕಂಬಿ ಇರುತ್ತದೆ; ಮಲೆನಾಡಿನ ಮನೆಯಲ್ಲಿ ಈ ಮೂರೂ ಇರುವುದಿಲ್ಲ. ಪಾಚಿ ಕಟ್ಟಿದ ಅಂಗಳಕ್ಕೆ ಸೋಗೆ ಹಾಸುವ ರೂಢಿ ಎರಡು ಗಟ್ಟಿ ಕಾಲಿನವರಿಗೆ ಸರಿ, ಊರುಗೋಲಿನ ತುದಿ ಅದರೊಳಗೆ ಸಿಕ್ಕಿಕೊಳ್ಳುತ್ತದೆ. ಜಗಲಿಯಿಂದ ಬಚ್ಚಲಿಗೆ ಹೋಗುವ ದಾರಿಗೆ ಮಾತ್ರ ಮರಳು ಅಥವಾ ಜಲ್ಲಿಪುಡಿ ಹಾಕಿಸಿ, ಬಚ್ಚಲಿನ ಗೋಡೆಗೆ ಒಂದು ಹಿಡಿಕೆ ಬಡಿಸಿ, ಶೌಚಕ್ಕೆ ಎತ್ತರದ ಕುರ್ಚಿ ತರಿಸಿಡಿ ಎಂದು ಮನೆಯವರಿಗೆ ಈಗಲೇ ತಿಳಿಸಿ. ಕಸಿ ಮಾಡಿದ ಚರ್ಮಕ್ಕೆ ಸ್ಪರ್ಶ ಕಡಿಮೆಯಿರುವುದರಿಂದ ಉಂಬಳ (ಜಿಗಣೆ) ಹತ್ತಿದ್ದು ನಿಮಗೆ ತಿಳಿಯುವುದಿಲ್ಲ. ತೋಟದ ಕಡೆ ಹೋಗಿ ಬಂದ ಕೂಡಲೇ ಕಾಲನ್ನು ಕಣ್ಣಿನಿಂದ ನೋಡಿಕೊಳ್ಳಬೇಕು. ಹತ್ತಿದ್ದರೆ ಕಿತ್ತೆಳೆಯದೆ ಉಪ್ಪುನೀರಿನ ಬಟ್ಟೆ ತಾಗಿಸಿ ಬಿಡಿಸಿ, ಜಾಗವನ್ನು ತೊಳೆಯಬೇಕು. ಹಳ್ಳದ ಸಂಕ (ಕಾಲುಸೇತುವೆ) ದಾಟುವುದು ಈ ವರ್ಷ ಬೇಡವೇ ಬೇಡ.

ಭೂಮಿ ಹುಣ್ಣಿಮೆಗೆ ನೀವು ಊರಲ್ಲಿರುವುದಾದರೆ, ಬೆಳಕು ಹರಿಯುವ ಮುನ್ನ ಬುಟ್ಟಿ ಹೊತ್ತು ಗದ್ದೆಯ ಹಸಿ ಅಂಚಿನ ಮೇಲೆ ಚರಗ (ಭೂಮಿಗೆ ಅರ್ಪಿಸುವ ಎಡೆ) ಬೀರಲು ಹೋಗುವ ಕೆಲಸವನ್ನು ತಮ್ಮಂದಿರಿಗೋ ನೆರೆಮನೆಯವರಿಗೋ ಬಿಡಿ. ಬಿಸಿಲು ಬಂದ ಮೇಲೆ ಗದ್ದೆಯ ಬದಿಯ ಪೂಜೆಗೂ ಊಟಕ್ಕೂ ಕುರ್ಚಿ ಹಾಕಿಸಿಕೊಂಡು ಕೂರಿ. ಅನಂತರ ಕೊನೆ ಕೊಯ್ಲು, ಅಂದರೆ ಅಡಿಕೆ ಗೊನೆ ಇಳಿಸುವ ಕೆಲಸ, ಬರುತ್ತದೆ. ಮರ ಹತ್ತುವುದು ನಿಮ್ಮ ಪಾಲಿಗೆ ಬಹುಶಃ ಮುಗಿದ ಮಾತು. ಆದರೆ ಈಗ ಕಾರ್ಬನ್ ಫೈಬರ್ ದೋಟಿಯಲ್ಲಿ ನೆಲದ ಮೇಲೆ ನಿಂತೇ ಕೊನೆ ತೆಗೆಯುತ್ತಾರೆ, ಔಷಧಿಯನ್ನೂ ಹೊಡೆಯುತ್ತಾರೆ; ಕಾಲು ಗಟ್ಟಿಯಾದ ಮೇಲೆ ಕಲಿಯಬಹುದು. ಸದ್ಯಕ್ಕೆ ನಿಮಗೆ ಒಪ್ಪುವ ಜಾಗ ಅಡಿಕೆ ಸುಲಿಯುವ ಚಪ್ಪರ. ಮೆಟ್ಟುಗತ್ತಿಯ ಮಣೆಯನ್ನು ಬಲಗಾಲಿನಲ್ಲೇ ಮೆಟ್ಟಿ ಹಿಡಿಯಿರಿ, ಎಡಗಾಲನ್ನು ಚಾಚಿ ಸ್ಟೂಲಿನ ಮೇಲಿಡಿ, ಅರ್ಧ ಗಂಟೆಗೊಮ್ಮೆ ಏಳಿ. ಅದೂ ಆಗದಿದ್ದರೆ ಯಾರು ಎಷ್ಟು ಸುಲಿದರೆಂದು ಅಳೆದು ಬರೆಯಿರಿ. ಒಣಗಿದ ಮೇಲೆ ಬೆಟ್ಟೆ, ಗೊರಬಲು ಎಂದು ಅಡಿಕೆಯ ದರ್ಜೆಗಳನ್ನು ಆರಿಸಲು ಕೂರಿ. ಹೊತ್ತು ಮುಳುಗಿದ ಮೇಲೆ ಹತ್ತು ಜನ ಒಟ್ಟಿಗೆ ಕೂತು ಕೈ ಆಡಿಸುತ್ತ ಮಾತಾಡುವ ಆ ಚಪ್ಪರಕ್ಕಿಂತ ಒಳ್ಳೆಯ ಮನೋವೈದ್ಯಕೀಯ ವಾರ್ಡನ್ನು ನಾನು ಕಂಡಿಲ್ಲ. ಅಲ್ಲಿ ಯಾರೂ ನಿಮ್ಮ ಮುಖ ನೋಡಿಕೊಂಡು ಕೂರುವುದಿಲ್ಲ.

ಸದ್ದುಗಳ ಬಗ್ಗೆ ಮೊದಲೇ ಎಚ್ಚರವಿರಲಿ. ದೀಪಾವಳಿಯ ಪಟಾಕಿ ಗೊತ್ತಿರುವುದೇ. ಮಂಗ ಓಡಿಸಲು ಪಕ್ಕದ ತೋಟದವರು ಹಾರಿಸುವ ಪಟಾಕಿ ಕೋವಿ, ರಾತ್ರಿ ಹಂದಿಗೆಂದು ಹೊಡೆಯುವ ಈಡು ಇವು ಹೊತ್ತು ಗೊತ್ತಿಲ್ಲದೆ ಕೇಳಿಬರುತ್ತವೆ. ಅಕ್ಕಪಕ್ಕದವರಿಗೆ ಹೆಂಡತಿಯ ಮೂಲಕ ಮುಂಚೆಯೇ ತಿಳಿಸಿದರೆ ಹಳ್ಳಿಯವರು ಅರ್ಥಮಾಡಿಕೊಳ್ಳುತ್ತಾರೆ, ಕನಿಷ್ಠ ಹಾರಿಸುವ ಮೊದಲು ಒಂದು ಕೂಗು ಹಾಕುತ್ತಾರೆ. ನೋಡಲು ಬರುವವರದು ಇನ್ನೊಂದು ಬಗೆಯ ಗದ್ದಲ: ಎಲ್ಲರೂ ಸ್ಫೋಟದ ಕಥೆ ಕೇಳುತ್ತಾರೆ, ಎಲ್ಲರಿಗೂ ಹೇಳಬೇಕಾದ ಕಟ್ಟುಪಾಡು ನಿಮಗಿಲ್ಲ. ‘ಇಲಾಖೆಯ ವಿಷಯ, ಹೇಳುವ ಹಾಗಿಲ್ಲ’ ಎಂದರೆ ಸಾಕು, ಅದು ನಿಜವೂ ಹೌದು. ಕ್ಯಾಂಟೀನಿನ ಬಾಟಲಿಯನ್ನು ಕೇಳಿಕೊಂಡು ಬರುವ ಗೆಳೆಯರಿಗೆ ಈ ಸಲ ಏನೂ ತಂದಿಲ್ಲವೆಂದು ಹೇಳಿ. ನಿದ್ದೆಗೆಂದು ಕುಡಿಯಲು ಶುರುಮಾಡಿ ನೋವಿನ ಮಾತ್ರೆಯ ಜೊತೆಗೆ ಅದನ್ನೂ ಅಭ್ಯಾಸ ಮಾಡಿಕೊಂಡವರ ಮನೆಗಳು ನನಗೆ ಗೊತ್ತು. ಹೆಂಡತಿಯೊಡನೆ ಜಗಳವೂ ಬರಬಹುದು. ಆಳುಗಳು ‘ಅಮ್ಮಾವ್ರನ್ನ ಕೇಳ್ಬೇಕು’ ಎಂದು ನಿಮ್ಮೆದುರೇ ಹೇಳುವಾಗ ಚುಚ್ಚುತ್ತದೆ. ಹದಿಮೂರು ವರ್ಷ ಅವರು ಹೊತ್ತ ಭಾರಕ್ಕೆ ಸಿಕ್ಕ ಗೌರವ ಅದು ಎಂದು ತಿಳಿದುಕೊಳ್ಳಲು ನಿಮಗೆ ಒಂದೆರಡು ವಾರ ಬೇಕಾಗುತ್ತದೆ.

ಕೊನೆಯದು ನೌಕರಿಯ ಪ್ರಶ್ನೆ. ಜವಾನರ ಸೇವಾ ಪಿಂಚಣಿಗೆ 15 ವರ್ಷಗಳ ಅರ್ಹ ಸೇವೆ ಬೇಕು. 13ರಲ್ಲಿ ಸ್ವಂತ ಕೋರಿಕೆಯ ಮೇಲೆ ಹೊರಬಂದರೆ ಅದು ತಪ್ಪಿಹೋಗುತ್ತದೆ. ವೈದ್ಯಕೀಯ ಮಂಡಳಿಯೇ ಅನರ್ಹವೆಂದು ಬಿಡುಗಡೆ ಮಾಡುವುದಕ್ಕೂ ನೀವಾಗಿ ಬಿಟ್ಟು ಬರುವುದಕ್ಕೂ ಕಾಗದದಲ್ಲಿ ಬಹಳ ಅಂತರವಿದೆ, ಅಂಗವೈಕಲ್ಯ ಪಿಂಚಣಿಯ ವಿಷಯದಲ್ಲಂತೂ ಗಾಯವು ಸೇವೆಯಿಂದಲೇ ಆದದ್ದೆಂಬ ದಾಖಲೆಯೇ ಆಧಾರ. ಆದ್ದರಿಂದ ಗಾಯದ ವರದಿ, ಶಸ್ತ್ರಚಿಕಿತ್ಸೆಯ ವಿವರ, ಮಂಡಳಿಯ ನಡಾವಳಿ ಇವುಗಳ ಪ್ರತಿಗಳನ್ನು ಆಸ್ಪತ್ರೆಯಲ್ಲಿರುವಾಗಲೇ ಪಡೆದು ಒಂದು ಕಡತದಲ್ಲಿಡಿ, ಮೊಬೈಲಿನಲ್ಲಿಯೂ ಚಿತ್ರ ತೆಗೆದಿಡಿ. ಕೆಳವರ್ಗದಲ್ಲಿರುವವರನ್ನು ಹಗುರ ಕೆಲಸದಲ್ಲಿ ಉಳಿಸಿಕೊಳ್ಳುವ ವ್ಯವಸ್ಥೆ ಇದೆ. ಮನೆಯ ಪರಿಸ್ಥಿತಿಯನ್ನು ತಿಳಿಸಿ, ಊರಿಗೆ ಹತ್ತಿರದ ಸೇನಾ ನೆಲೆಗೆ ಅನುಕಂಪದ ಆಧಾರದ ವರ್ಗಾವಣೆ ಕೇಳುವ ದಾರಿಯೂ ಇದೆ. ಇದಕ್ಕೆ ನಿಮ್ಮ ಕಮಾಂಡಿಂಗ್ ಆಫೀಸರರಿಗೆ ಅರ್ಜಿ ಹೋಗಬೇಕು. ರಜೆಯಲ್ಲಿ ಬಂದಾಗ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಜಿಲ್ಲಾ ಕಚೇರಿಗೆ ಹೆಂಡತಿಯನ್ನೂ ಕರೆದುಕೊಂಡು ಹೋಗಿ ಕೇಳಿ, ಏಕೆಂದರೆ ಮುಂದಿನ ಓಡಾಟ ಅವರದ್ದೇ ಆಗಿರುತ್ತದೆ.

ಎರಡೂವರೆ ಎಕರೆ ಅಡಿಕೆ ಒಳ್ಳೆಯ ವರ್ಷದಲ್ಲಿ ಮನೆ ನಡೆಸೀತು. ಕೊಳೆ ಮತ್ತು ಎಲೆಚುಕ್ಕಿ ಎರಡೂ ಬಂದ ವರ್ಷ ನಡೆಸಲಾರದು. ಆ ವರ್ಷಕ್ಕೆ ತಿಂಗಳಿಗೊಮ್ಮೆ ಬರುವ ಪಿಂಚಣಿಯ ಬೆಂಬಲ ಬೇಕು. ಇನ್ನೆರಡು ವರ್ಷ ಹಗುರ ಕೆಲಸದಲ್ಲಿ ಕಳೆದು, ತೋಟದ ಲೆಕ್ಕ ಕೈಗೆ ಬಂದ ಮೇಲೆ ಬರುವುದು ನನ್ನ ದೃಷ್ಟಿಯಲ್ಲಿ ಸರಿ. ಹಾಗಿದ್ದೂ ಮಂಡಳಿ ಮುಂಚೆಯೇ ಕಳಿಸಿದರೆ, ಅಥವಾ ಅಮ್ಮನ ಆರೋಗ್ಯವೋ ಮತ್ತೊಂದೋ ನಿಮ್ಮನ್ನು ಕರೆದರೆ, ಆಗಿನ ಸ್ಥಿತಿಯನ್ನು ನೋಡಿ ಮತ್ತೆ ಬರೆಯಿರಿ. ಬರೆಯುವಾಗ ಮಂಡಳಿ ಕೊಟ್ಟ ವರ್ಗವನ್ನೂ ಆವರೆಗಿನ ಅರ್ಹ ಸೇವೆಯ ಅವಧಿಯನ್ನೂ ತಿಳಿಸಿದರೆ ಉತ್ತರಿಸಲು ಅನುಕೂಲವಾಗುತ್ತದೆ.